ಮಾಸ್ಟ್ರು ಓದಿದ ಹಳೆಯ ಬೋರ್ಡು

ಕಳೆದ ವಾರ ಫಳ್ನೀರಿನ ನಮ್ಮ ಕಣ್ಣಿನ ಕ್ಲಿನಿಕ್ಕಿಗೆ ಬಣ್ಣ ಬಳಿಯುವವರು ಬಂದಿದ್ದರು. ಕಬ್ಬಿಣದ ಕಪಾಟನ್ನು ಗೋಡೆಯಿಂದ ಎಳೆದಾಗ ಅದರ ಹಿಂದಿನಿಂದ ಒಂದು ರಟ್ಟು ಜಾರಿ ನೆಲಕ್ಕೆ ಬಿತ್ತು. ಧೂಳು ಕೊಡವಿ ನೋಡಿದರೆ ನಮ್ಮ ಹಳೆಯ ಅಕ್ಷರದ ಬೋರ್ಡು. ಮೇಲೆ ದೊಡ್ಡದೊಂದು ಇಂಗ್ಲಿಷ್ ಅಕ್ಷರ, ಅದರ ಕೆಳಗೆ ಸಾಲು ಸಾಲಾಗಿ ಸಣ್ಣದಾಗುತ್ತ ಹೋಗುವ ಅಕ್ಷರಗಳು. ಒಂದು ಮೂಲೆಯನ್ನು ಗೆದ್ದಲು ತಿಂದಿತ್ತು.

"ಇದು ಬಿಸಾಡುದಾ ಮೇಡಂ?" ಎಂದು ಪೇಂಟರ್ ಕೇಳಿದರು.

ನಾನು ಬೋರ್ಡನ್ನು ಕೈಗೆ ತೆಗೆದುಕೊಂಡೆ. ಕೊನೆಯ ಸಾಲಿನ ಮೇಲೆ ಕಣ್ಣು ಹೋಗಿತ್ತು. ಆ ಸಾಲನ್ನು ನಾನು ಇಂಗ್ಲಿಷಿನಲ್ಲಿ ಓದುತ್ತಿರಲಿಲ್ಲ. ಡೆ, ಎಫೆ, ಎನೆ, ಪೆ, ತೆ... ಒಂದು ದಪ್ಪ ಗಂಟಲು ನನ್ನ ತಲೆಯೊಳಗೆ ಓದುತ್ತಿತ್ತು. ಎಷ್ಟೋ ವರ್ಷಗಳ ಮೇಲೆ ಆ ಗಂಟಲು ಅಷ್ಟು ಹತ್ತಿರದಿಂದ ಕೇಳಿಸಿತು.

ಅವರನ್ನು ನಾವೆಲ್ಲ ಮಾಸ್ಟ್ರು ಎನ್ನುತ್ತಿದ್ದೆವು. ಕ್ಯೂಬಾ ದೇಶದವರು, ಬಾಕ್ಸರ್. ಮಂಗಳೂರಿಗೆ ಅವರನ್ನು ಕರೆತಂದವರು ಒಬ್ಬ ಹೋಟೆಲ್ ಧಣಿ. ದೇರೆಬೈಲಿನ ಕಡೆ ಒಂದು ಕಾಲದಲ್ಲಿ ಗದ್ದೆ ತೋಟ ಇದ್ದ ತುಳು ಮನೆತನದವರು. ಈಗ ಇಲ್ಲಿಯೂ ಹೋಟೆಲ್, ದುಬೈಯಲ್ಲಿಯೂ ಹೋಟೆಲ್. ದುಬೈಯ ಜಿಮ್ಮೊಂದರಲ್ಲಿ ಆಫೀಸಿನವರ ಹೊಟ್ಟೆ ಕರಗಿಸಲು ಬಾಕ್ಸಿಂಗ್ ಹೇಳಿಕೊಡುತ್ತಿದ್ದ ಮಾಸ್ಟ್ರನ್ನು ಕಂಡು ಧಣಿಗೆ ಹುಚ್ಚು ಹಿಡಿಯಿತು. ಶಕ್ತಿನಗರದಲ್ಲಿ ಖಾಲಿ ಬಿದ್ದಿದ್ದ ತಮ್ಮ ಗೋಡೌನಿಗೆ ರಿಂಗ್ ಹಾಕಿಸಿದರು. ಮಾಸ್ಟ್ರು ಇರಲಿಕ್ಕೆ ನಮ್ಮ ಕಟ್ಟಡದಲ್ಲಿ, ಮೂರನೆಯ ಮಾಳಿಗೆಯಲ್ಲಿ, ನಮ್ಮ ಬಾಗಿಲಿಗೆ ಎದುರು ಬಾಗಿಲಿನ ಫ್ಲ್ಯಾಟ್ ಹಿಡಿದುಕೊಟ್ಟರು.

ಮನೆಯಲ್ಲಿ ಆಗ ನಾನು ಮತ್ತು ಅಮ್ಮ ಇಬ್ಬರೇ. ನನಗೆ ಮೂವತ್ತು ದಾಟಿತ್ತು. ಎದುರಿಗೆ ಒಬ್ಬ ಒಂಟಿ ಗಂಡಸು, ಅದೂ ಆರಡಿ ಎತ್ತರದ ಕಪ್ಪು ವಿದೇಶಿ, ಬಂದು ಕುಳಿತದ್ದು ಅಮ್ಮನಿಗೆ ಮೊದಲು ಇಷ್ಟವಾಗಲಿಲ್ಲ. ಒಂದು ವಾರ ಬಾಗಿಲಿನ ಸರಪಳಿ ಹಾಕಿಯೇ ಮಾತನಾಡಿದರು. ಸರಪಳಿ ಬಿಚ್ಚಿಸಿದ್ದು ಕೊಂಕಣಿ. ಅಮ್ಮ ಒಳಗಿನಿಂದ ನನಗೆ ತುವಾಲೊ ತಾ ಎಂದು ಕೂಗಿದ್ದು ಕೇಳಿ ಮಾಸ್ಟ್ರು ಮೆಟ್ಟಿಲಿನಲ್ಲೇ ನಿಂತುಬಿಟ್ಟರು. ಅವರ ಸ್ಪ್ಯಾನಿಷ್ ಭಾಷೆಯಲ್ಲಿಯೂ ಟವೆಲಿಗೆ ಹೆಚ್ಚುಕಡಿಮೆ ಅದೇ ಹೆಸರಂತೆ. ಮೇಜಿಗೂ ಹಾಗೆಯೇ. ನಮ್ಮ ಹಿರಿಯರು ಗೋವೆಯಿಂದ ಬರುವಾಗ ಹೊತ್ತು ತಂದ ನಾಲ್ಕು ಪೋರ್ಚುಗೀಸ್ ಶಬ್ದಗಳನ್ನು ಹಿಡಿದುಕೊಂಡು ಆ ಮನುಷ್ಯ ನಮ್ಮ ಮನೆಯೊಳಗೆ ಬಂದರು. ಅಮ್ಮ ಹಂದಿ ಮಾಂಸ ಮಾಡಿದ ಭಾನುವಾರ ಸಾನ್ನಾ ಎಂಬ ನಮ್ಮ ಮೆತ್ತನೆಯ ಇಡ್ಲಿಯ ಜೊತೆ ಬಡಿಸಿದಾಗ, ತಟ್ಟೆ ಮುಗಿಯುವ ತನಕ ತಲೆ ಎತ್ತಲಿಲ್ಲ. ಅಜ್ಜಿಯ ಕೈರುಚಿ ಎಂದರು. ಅಲ್ಲಿಂದ ಅಮ್ಮನಿಗೆ ಅವರು 'ಪುತಾ' ಆದರು, ಮಗ.

ಅವರ ಇಂಗ್ಲಿಷ್ ಕುಂಟುತ್ತಿತ್ತು. ಕನ್ನಡದಲ್ಲಿ ಜಿಮ್ಮಿನವರಿಂದ ಕಲಿತದ್ದು ಮೂರೇ ಶಬ್ದ: ಎಂತ, ಉಂಟು, ಮಾರಾಯ. ಈ ಮೂರರಲ್ಲಿ ಮಂಗಳೂರಿನಲ್ಲಿ ಬದುಕಬಹುದು ಎಂದು ಅವರು ತೋರಿಸಿಕೊಟ್ಟರು. ಮೀನಿನವಳ ಹತ್ತಿರ "ಉಂಟಾ?" ಎಂದರೆ ಮೀನು ಬರುತ್ತಿತ್ತು.

ನಮ್ಮ ಊಟದ ಮೇಜಿನ ಮೇಲೆ, ಕೈಗೆ ಬಿಳಿ ಪಟ್ಟಿ ಸುತ್ತುತ್ತಾ, ಅವರು ಸ್ವಲ್ಪ ಸ್ವಲ್ಪವೇ ಹೇಳಿದ ಕಥೆ ಇದು. ಅವರ ದೇಶದಲ್ಲಿ ಶಾಲೆಯ ಹುಡುಗರನ್ನೇ ಆರಿಸಿ ಬಾಕ್ಸಿಂಗಿಗೆ ಹಾಕುತ್ತಾರೆ. ಹತ್ತೊಂಬತ್ತಕ್ಕೆ ದೇಶದ ತಂಡ. ತಲೆಗೆ ಕವಚ, ಮೈಗೆ ಬನಿಯನ್, ಮೂರೇ ರೌಂಡ್. ಪಾಯಿಂಟಿಗಾಗಿ ಆಡುವ ಆಟ. ಹೊಡೆಯಬೇಕು, ಆದರೆ ಹೊಡೆಸಿಕೊಳ್ಳಬಾರದು. ಅವರಿಗೆ ಕಲಿಸಿದ್ದು ಅಷ್ಟು. ಗೆದ್ದ ಪದಕಗಳು ತಂಗಿಯ ಕಪಾಟಿನಲ್ಲಿದ್ದವು. ಊರಿನ ಜಿಮ್ಮಿನ ಗೋಡೆಯಲ್ಲಿ ಅವರ ಫೋಟೋ ಇತ್ತು. ಆದರೆ ಹಣಕ್ಕೆ ಆಡುವ ಪ್ರೊಫೆಷನಲ್ ಬಾಕ್ಸಿಂಗಿಗೆ ಅಲ್ಲಿ ಅವಕಾಶವಿರಲಿಲ್ಲ. ಯುರೋಪಿನ ಯಾವುದೋ ಊರಿಗೆ ತಂಡದ ಜೊತೆ ಹೋದವರು, ಒಂದು ಬೆಳಿಗ್ಗೆ ತಿಂಡಿಯ ಹೊತ್ತಿಗೆ ಚೀಲ ಹಿಡಿದು ಹೋಟೆಲಿನಿಂದ ನಡೆದುಬಿಟ್ಟರು. ಅವರೇ ಹೇಳುವಂತೆ, ಬಾಗಿಲಿನ ತನಕ ಹೋಗುವುದೇ ಕಷ್ಟವಾಗಿತ್ತು, ಆಚೆಗೆ ಕಾಲು ತಾನಾಗಿ ಹೋಯಿತು. ಊರಿನಲ್ಲಿ ಫೋಟೋ ಇಳಿಸಿದರು. ಅವರಿಗೆ ಮರಳಿ ಬರುವ ಹಾಗಿಲ್ಲ ಎಂದಾಯಿತು.

ಪ್ರೊಫೆಷನಲ್ ಆದ ಮೇಲೆ ಮೊದಲು ಗೆಲುವೋ ಗೆಲುವು. ಪೋಸ್ಟರಿನಲ್ಲಿ ಮುಖ. ಆಮೇಲೆ ಜರ್ಮನಿಯಲ್ಲಿ ಒಂದು ಕೆಟ್ಟ ಪಂದ್ಯ. ಅದರ ನಂತರ ಅವರನ್ನು ಯಾರೂ ಗೆಲ್ಲಲಿಕ್ಕೆ ಕರೆಯಲಿಲ್ಲ. ಹೊಸ ಹುಡುಗನ ಖಾತೆಗೆ ಒಂದು ದೊಡ್ಡ ಹೆಸರಿನ ಮೇಲೆ ಗೆಲುವು ಬೇಕಾದಾಗ ಇವರಿಗೆ ಫೋನ್ ಬರುತ್ತಿತ್ತು. ಹೋಗುವುದು, ಸೋಲುವುದು, ಬರುವುದು. "ಒಂದು ಸಲ ಗೆದ್ದು ಗ್ಲೌಸ್ ಕಳಚಬೇಕು," ಎಂದು ಇಂಗ್ಲಿಷಿನಲ್ಲಿ ಹೇಳಿ, ಕೊನೆಗೆ "ಮಾರಾಯ" ಎಂದು ಸೇರಿಸುತ್ತಿದ್ದರು. ಧಣಿ ಅದನ್ನೇ ಮಾತು ಕೊಟ್ಟಿದ್ದರು. ನಮ್ಮ ಊರಿನಲ್ಲಿ, ನನ್ನ ಹೋಟೆಲಿನ ಹಾಲಿನಲ್ಲಿ, ಸರಿಯಾದ ಒಂದು ಪಂದ್ಯ. ಆಮೇಲೆ ನೀವು ಕೋಚ್.

ಧಣಿಯದು ಕೆಟ್ಟ ಮನಸ್ಸಲ್ಲ. ಅದನ್ನು ಇಲ್ಲಿಯೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನದು ಓದಿದವರು ಅವರ ಮೇಲೆ ಬೆರಳು ಮಾಡಬಹುದು. ಬೆರಳು ಮಾಡಬೇಕಾದ್ದು ನನ್ನ ಮೇಲೆ.

ಕ್ಲಿನಿಕ್ಕಿನಲ್ಲಿ ಡಾಕ್ಟರರಿಗಿಂತ ಮೊದಲು ಎಲ್ಲರನ್ನೂ ನೋಡುವವಳು ನಾನು. ಕುರ್ಚಿಯಲ್ಲಿ ಕೂರಿಸಿ, ಒಂದು ಕಣ್ಣು ಮುಚ್ಚಿಸಿ, ಅಕ್ಷರ ಓದಿಸಿ, ನಂಬರ್ ಬರೆಯುವುದು ನನ್ನ ಕೆಲಸ. ನಮ್ಮಲ್ಲಿಗೆ ಗಲ್ಫಿಗೆ ಹೋಗುವವರು, ಹಡಗಿನ ಕೆಲಸದವರು, ಬಸ್ಸಿನ ಡ್ರೈವರ್‌ಗಳು ಸರ್ಟಿಫಿಕೇಟಿಗೆ ಬರುತ್ತಾರೆ. ಇವರಲ್ಲಿ ಬೋರ್ಡನ್ನು ಬಾಯಿಪಾಠ ಮಾಡಿ ಬರುವವರು ಎಷ್ಟು ಜನ! ಹೊರಗೆ ಬೆಂಚಿನಲ್ಲಿ ಕುಳಿತು, ಬಾಗಿಲು ತೆರೆದಾಗಲೆಲ್ಲ ಒಂದೊಂದು ಸಾಲು ಕದಿಯುತ್ತಾರೆ. ಹಿಡಿಯುವುದರಲ್ಲಿ ನಾನು ಗಟ್ಟಿಗಿತ್ತಿ. ನನಗೆ ಅದರಲ್ಲಿ ಒಂದು ಖುಷಿಯೂ ಇತ್ತು, ಸುಳ್ಳು ಯಾಕೆ ಹೇಳಲಿ. ನಾನು ಬರೆದ ನಂಬರನ್ನು ಡಾಕ್ಟರು ಮತ್ತೊಮ್ಮೆ ನೋಡುತ್ತಿರಲಿಲ್ಲ. ಅಷ್ಟು ನಂಬಿಕೆ.

ಹಾಗಿರುವಾಗ ಮಾಸ್ಟ್ರ ಬಲಗಣ್ಣು ಮಂದ ಎಂದು ನನಗೆ ಗೊತ್ತಾಗದೆ ಹೋಗುತ್ತದೆಯೇ. ಮೊದಲ ತಿಂಗಳಲ್ಲೇ ಗೊತ್ತಾಗಿತ್ತು. ನೀರು ಬಗ್ಗಿಸುವಾಗ ಅವರು ಬಾಟಲಿಯ ಬಾಯನ್ನು ಲೋಟದ ಅಂಚಿಗೆ ತಾಗಿಸಿ ಇಟ್ಟು, ಆಮೇಲೆ ಬಗ್ಗಿಸುತ್ತಿದ್ದರು. ಒಂದೇ ಕಣ್ಣಿನಲ್ಲಿ ನೋಡುವವರು ಹಾಗೆ ಮಾಡುತ್ತಾರೆ, ದೂರ ಎಷ್ಟೆಂದು ತಿಳಿಯುವುದಿಲ್ಲ. ನಮ್ಮ ಮೇಜಿನಲ್ಲಿ ಅವರು ಯಾವಾಗಲೂ ಬಲಕ್ಕೆ ಗೋಡೆ ಬರುವ ಜಾಗದಲ್ಲೇ ಕೂರುತ್ತಿದ್ದರು, ನಾವಿಬ್ಬರೂ ಎಡಗಡೆಗೆ ಇರುವ ಹಾಗೆ. ಒಮ್ಮೆ ಅಮ್ಮ ಬಲಗಡೆಯಿಂದ ಪಾತ್ರೆ ಚಾಚಿದಾಗ ಪಾತ್ರೆ ಗಾಳಿಯಲ್ಲೇ ಉಳಿಯಿತು. ಅಮ್ಮ ಅವರಿಗೆ ಊಟ ಸೇರಲಿಲ್ಲ ಎಂದುಕೊಂಡರು. ನಾನು ಆ ಪಾತ್ರೆಯನ್ನು ಎಡಗಡೆಯಿಂದ ಕೊಟ್ಟೆ.

ಅದೇ ವರ್ಷ ಅಮ್ಮನ ಕಣ್ಣಿನ ಪೊರೆ ತೆಗೆಸಿದೆವು. ಲಿಫ್ಟ್ ಕೆಟ್ಟು ನಿಂತ ಆ ದಿನಗಳಲ್ಲಿ, ಮೂರು ಮಾಳಿಗೆ ಅಮ್ಮನನ್ನು ಮಗುವಿನಂತೆ ಎತ್ತಿಕೊಂಡು ಇಳಿಸಿದವರು ಮಾಸ್ಟ್ರು. ಕ್ಲಿನಿಕ್ಕಿಗೂ ಅವರೇ ಜೊತೆಗೆ ಬರುತ್ತಿದ್ದರು. ಅಮ್ಮನ ಸರದಿ ಮುಗಿಯುವ ತನಕ ನನ್ನ ಕೋಣೆಯ ಮೂಲೆಯ ಸ್ಟೂಲಿನಲ್ಲಿ ಕುಳಿತು ಗೋಡೆ ನೋಡುತ್ತಿದ್ದರು. ಏನು ನೋಡುತ್ತಿದ್ದರು ಎಂದು ನನಗೆ ಆಗ ಹೊಳೆಯಲಿಲ್ಲ.

ನನಗೆ ಅವರ ಮೇಲೆ ಮನಸ್ಸಿತ್ತೇ? ಅಮ್ಮನಿಗೆ ಆ ಸಂಶಯ ಇತ್ತು. "ಹೊರಗಿನವರು ಒಂದು ದಿನ ಹೋಗ್ತಾರೆ ಬಾಯೆ, ನೀನು ಇಲ್ಲೇ ಇರ್ಲಿಕ್ಕೆ ಉಂಟು," ಎಂದು ಒಂದು ಸಲ ಕೊಂಕಣಿಯಲ್ಲಿ, ಸೊಪ್ಪು ಬಿಡಿಸುತ್ತಾ ಹೇಳಿದರು. ನಾನು ಸಿಟ್ಟಿನಿಂದ ಎದ್ದು ಹೋದೆ. ಸಂಶಯ ಪೂರ್ತಿ ಸುಳ್ಳಾಗಿದ್ದರೆ ಅಷ್ಟು ಸಿಟ್ಟು ಬರುತ್ತಿರಲಿಲ್ಲ.

ಪಂದ್ಯ ನಿಶ್ಚಯವಾಯಿತು. ಭಾನುವಾರ ಸಂಜೆ, ಧಣಿಯ ಹೋಟೆಲಿನ ಮದುವೆ ಹಾಲಿನಲ್ಲಿ, ಆರು ರೌಂಡ್. ಎದುರಾಳಿ ಉತ್ತರದ ಕಡೆಯ ಇಪ್ಪತ್ತಮೂರು ವರ್ಷದ ಹುಡುಗ. ಕಣ್ಣಿನ ಸರ್ಟಿಫಿಕೇಟ್ ಇಲ್ಲದೆ ರಿಂಗಿಗೆ ಬಿಡುವುದಿಲ್ಲ ಎಂದು ಪಂದ್ಯದವರು ಫಾರ್ಮ್ ಕಳುಹಿಸಿದರು. ಮಾಸ್ಟ್ರು ಅದನ್ನು ಹಿಡಿದುಕೊಂಡು ನಮ್ಮಲ್ಲಿಗೇ ಬಂದರು. ಅವರನ್ನು ಬೆಂಚಿನಲ್ಲಿ ಕಂಡಾಗ ನನಗೆ ಎದೆ ಹಗುರಾಯಿತು, ನಿಜವಾಗಿ. ಒಳ್ಳೆಯದೇ ಆಯಿತು, ಬಲಗಣ್ಣು ಓದಲಾರದು, ನಾನು ಕಂಡದ್ದನ್ನು ಬರೆಯುತ್ತೇನೆ, ಪಂದ್ಯ ನಿಲ್ಲುತ್ತದೆ, ನಾನು ಯಾರ ಮನಸ್ಸನ್ನೂ ನೋಯಿಸಬೇಕಾಗಿಲ್ಲ. ಬೋರ್ಡೇ ನೋಯಿಸುತ್ತದೆ.

ಕುರ್ಚಿಯಲ್ಲಿ ಕೂರಿಸಿದೆ. ಯಾವಾಗಲೂ ಬಲಗಣ್ಣು ಮೊದಲು. ಎಡಗಣ್ಣು ಮುಚ್ಚಿದೆ, ಕೋಣೆಯ ಲೈಟ್ ಆರಿಸಿದೆ, ಬೋರ್ಡಿನ ಲೈಟ್ ಹಾಕಿದೆ. "ಓದಿ" ಎಂದೆ.

ಮಾಸ್ಟ್ರು ಓದಿದರು. ಮೇಲಿನಿಂದ ಕೆಳಗಿನ ತನಕ, ಎಲ್ಲಿಯೂ ತಡೆಯದೆ, ಅವರ ಭಾಷೆಯ ರೀತಿಯಲ್ಲಿ ಒಂದೊಂದೇ ಅಕ್ಷರ. ಕೊನೆಯ ಸಾಲು ಡೆ, ಎಫೆ, ಎನೆ, ಪೆ, ತೆ. ಒಂದೂ ತಪ್ಪಿಲ್ಲ. ಆದರೆ ಅದು ಹಳೆಯ ಬೋರ್ಡು. ಅದನ್ನು ನಾವು ಹದಿನೈದು ದಿನದ ಹಿಂದೆ ತೆಗೆದು ಕಪಾಟಿನ ಹಿಂದೆ ತಳ್ಳಿದ್ದೆವು. ಗೋಡೆಯಲ್ಲಿ ಉರಿಯುತ್ತಿದ್ದದ್ದು ಹೊಸ ಲೈಟಿನ ಡಬ್ಬಿ, ಹೊಸ ಅಕ್ಷರ. ಅವರು ಓದಿದ ಒಂದು ಸಾಲೂ ಅಲ್ಲಿ ಇರಲಿಲ್ಲ.

ಬೇರೆ ಯಾರಾದರೂ ಆಗಿದ್ದರೆ ಅಲ್ಲೇ ನಗುತ್ತಿದ್ದೆ. ಈ ಸಲ ಮುಚ್ಚಳವನ್ನು ಎಡಗಣ್ಣಿನಿಂದ ಬಲಗಣ್ಣಿಗೆ ತಂದೆ. ಈಗ ಅವರಿಗೆ ಒಳ್ಳೆಯ ಕಣ್ಣಿನಲ್ಲಿ ಹೊಸ ಬೋರ್ಡು ಕಂಡಿತು. ಓದಲು ಬಾಯಿ ತೆರೆದವರು ನಿಂತರು. ಆಮೇಲೆ ತುಂಬಾ ಸಣ್ಣ ದನಿಯಲ್ಲಿ, ಅಲ್ಲಿ ಇದ್ದದ್ದನ್ನೇ, ಪೂರ್ತಿ ಓದಿದರು. ಓದಿ ನನ್ನ ಕಡೆ ತಿರುಗಲಿಲ್ಲ. ಬೇಡಲೂ ಇಲ್ಲ. ಕೈ ತೊಡೆಯ ಮೇಲೆ ಇಟ್ಟುಕೊಂಡು, ಶಾಲೆಯಲ್ಲಿ ತಪ್ಪು ಮಾಡಿದವರ ಹಾಗೆ ಕುಳಿತರು.

ಅವರು ಬೇಡಿದ್ದರೆ ಇಲ್ಲ ಎನ್ನುತ್ತಿದ್ದೆನೇನೋ.

ಬಾಗಿಲಿನಿಂದ ಡಾಕ್ಟರು ತಲೆ ಹಾಕಿದರು. ಒಳಗೆ ಆಪರೇಷನ್ನಿಗೆ ಒಬ್ಬರು ಮಲಗಿದ್ದರು. "ಎಲ್ಲ ಸರಿ ಉಂಟಾ?"

"ಉಂಟು ಡಾಕ್ಟ್ರೆ," ಎಂದೆ.

ಎರಡೂ ಕಣ್ಣಿಗೆ ಆರು ಬೈ ಆರು, ಅಂದರೆ ಪೂರ್ತಿ ದೃಷ್ಟಿ, ಎಂದು ಬರೆದೆ. ಡಾಕ್ಟರು ನಿಂತಲ್ಲೇ ಸಹಿ ಹಾಕಿದರು. ಮಾಸ್ಟ್ರು ಕಾಗದ ತೆಗೆದುಕೊಂಡು, ನನ್ನ ತಲೆಯ ಮೇಲೆ ಒಂದು ಕ್ಷಣ ಕೈ ಇಟ್ಟು ಹೋದರು. ನಾನು ಮಾಡಿದ್ದನ್ನು ಕರುಣೆ ಎಂದು ಕರೆದುಕೊಂಡೆ. ಬಹಳ ದಿನ ಹಾಗೆಯೇ ಕರೆದೆ. ನನ್ನ ಕೈಯಿಂದ ಅವರಿಗೆ ಒಂದು ದೊಡ್ಡ ಉಪಕಾರ ಆಗಲಿ, ಅದು ನಮ್ಮಿಬ್ಬರಿಗೆ ಮಾತ್ರ ಗೊತ್ತಿರಲಿ ಎಂಬ ಆಸೆ ಆ ಕರುಣೆಯೊಳಗೆ ಎಷ್ಟಿತ್ತು ಎಂದು ಈಗ ಕೇಳಿಕೊಂಡರೆ ಉತ್ತರ ಹಿತವಾಗಿರುವುದಿಲ್ಲ.

ಪಂದ್ಯದ ಸಂಜೆ ಅಮ್ಮನೂ ಬಂದಿದ್ದರು, ಇಗರ್ಜಿಗೆ, ಅಂದರೆ ಚರ್ಚಿಗೆ, ಉಡುವ ಸೀರೆಯಲ್ಲಿ. ಹಿಂದಿನ ದಿನದ ರಿಸೆಪ್ಷನ್ನಿನ ಹೂವಿನ ಕಮಾನು ಇನ್ನೂ ಬಿಚ್ಚಿರಲಿಲ್ಲ. ಬಾಕ್ಸರುಗಳು ಅದರ ಕೆಳಗಿನಿಂದಲೇ ನಡೆದು ಬಂದರು. ಜನ ಕೋಳಿ ಅಂಕಕ್ಕೆ ಬಂದವರ ಹಾಗೆ ತುಳುವಿನಲ್ಲಿ ಕೂಗುತ್ತಿದ್ದರು. ಮೊದಲ ಮೂರು ರೌಂಡ್ ಮಾಸ್ಟ್ರು ಆಡಿದ್ದು ನೋಡಬೇಕು. ನನಗೆ ಬಾಕ್ಸಿಂಗ್ ತಿಳಿಯದು, ಆದರೂ ತಿಳಿಯಿತು. ಹುಡುಗನ ಕೈ ಬರುವ ಜಾಗದಲ್ಲಿ ಅವರು ಇರುತ್ತಲೇ ಇರಲಿಲ್ಲ. ಹೊಡೆಯಬೇಕು, ಹೊಡೆಸಿಕೊಳ್ಳಬಾರದು. ಹತ್ತೊಂಬತ್ತರ ವಯಸ್ಸು ನಮ್ಮ ಊರಿನ ಮದುವೆ ಹಾಲಿಗೆ ಬಂದು ನಿಂತಿತ್ತು. ಅಮ್ಮ ಜಪಮಾಲೆ ಬಿಟ್ಟು ಚಪ್ಪಾಳೆ ತಟ್ಟಿದರು.

ನಾಲ್ಕನೆಯ ರೌಂಡಿನಲ್ಲಿ ಹುಡುಗ ಅವರ ಬಲಗಡೆಗೆ ಸುತ್ತಲು ಶುರು ಮಾಡಿದ. ಅವನಿಗೂ ಗೊತ್ತಾಯಿತು ಎಂದು ನನಗೆ ಗೊತ್ತಾಯಿತು. ಅತ್ತ ಕಡೆಯಿಂದ ಬಂದ ಎರಡು ಏಟನ್ನು ಮಾಸ್ಟ್ರು ಕಾಣಲೇ ಇಲ್ಲ. ಆಮೇಲೆ ಅವರು ಒಂದು ಉಪಾಯ ಮಾಡಿದರು. ಹುಡುಗ ಕಣ್ತಪ್ಪಿ ಹೋಗದಂತೆ ಮುಖವನ್ನೇ ತಿರುಗಿಸಿ, ಎಡಗಣ್ಣನ್ನು ಮುಂದೆ ಕೊಟ್ಟು ಆಡತೊಡಗಿದರು. ಒಳ್ಳೆಯ ಕಣ್ಣನ್ನು. ಅಲ್ಲಿಂದ ಕೊನೆಯ ತನಕ ಹುಡುಗನ ಬಲಗೈ ಆ ಕಣ್ಣಿನ ಮೇಲೆಯೇ ಬಿತ್ತು. ನಾನು ಎದ್ದು, "ನಿಲ್ಲಿಸಿ" ಎಂದು ಕೂಗಬಹುದಿತ್ತು. ಧಣಿ ನನ್ನಿಂದ ನಾಲ್ಕು ಕುರ್ಚಿ ಆಚೆ ಇದ್ದರು. ಹೋಗಿ ಹೇಳಿದರೆ ನಿಲ್ಲಿಸುತ್ತಿದ್ದರು, ಅಂಥವರೇ. ಹೇಳಬೇಕಾದರೆ ನಾನು ಬರೆದದ್ದನ್ನೂ ಹೇಳಬೇಕಿತ್ತು. ಕುರ್ಚಿಯ ಅಂಚು ಹಿಡಿದು ಕುಳಿತೆ.

ಮಾಸ್ಟ್ರು ಗೆದ್ದರು. ಪಾಯಿಂಟಿನಲ್ಲಿ, ಕೂದಲೆಳೆಯಷ್ಟು. ರೆಫರಿ ಅವರ ಕೈ ಎತ್ತಿದಾಗ ಎಡಗಣ್ಣು ಬೊಬ್ಬೆಯ ಹಾಗೆ ಊದಿ ಮುಚ್ಚಿತ್ತು. ಧಣಿ ಅಳುತ್ತಿದ್ದರು. ಮಾಸ್ಟ್ರು ಹೂವಿನ ಕಮಾನಿನ ಕೆಳಗಿನಿಂದ ನಮ್ಮ ಕಡೆ ಬಂದು, ಅಮ್ಮನ ಎದುರು ಗ್ಲೌಸ್ ಕಳಚಿದರು. ಅವರಿಗೆ ಬೇಕಾದ್ದು ಬೇಕಾದ ಹಾಗೆಯೇ ಸಿಕ್ಕಿತು. ಅದನ್ನು ಯಾರೂ ಇಲ್ಲ ಎನ್ನುವಂತಿಲ್ಲ...

ಬುಧವಾರ ಬೆಳಿಗ್ಗೆ ಅವರು ನಮ್ಮ ಬಾಗಿಲು ತಟ್ಟಿದರು. ಊತ ಇಳಿದಿತ್ತು. ಎಡಗಣ್ಣಿನಲ್ಲಿ ಕೆಳಗಿನಿಂದ ಒಂದು ಕಪ್ಪು ಪರದೆ ಏರುತ್ತಿದೆ ಎಂದರು. ಕಣ್ಣಿನ ಒಳಪದರ, ರೆಟಿನಾ, ಬಿಟ್ಟುಕೊಂಡಿತ್ತು. ಧಣಿ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದರು, ಎರಡು ಸಲ ಆಪರೇಷನ್ ಆಯಿತು, ಕಣ್ಣು ಬರಲಿಲ್ಲ. ಉಳಿದದ್ದು ಬಲಗಣ್ಣಿನ ಮಸುಕು ಬೆಳಕು, ಅಷ್ಟೇ. ಧಣಿ ಒಂದು ದಿನ ನಮ್ಮ ಮನೆಗೆ ಬಂದು ತಲೆಗೆ ಕೈ ಕೊಟ್ಟು ಕುಳಿತರು. "ಎಂತ ಮಾಡುದು ಮಾರಾಯ್ರೆ, ನಾನೇ ಕರ್ಕೊಂಡು ಬಂದದ್ದು. ಸರ್ಟಿಫಿಕೇಟ್ ಸರಿ ಇತ್ತಲ್ಲ," ಎಂದರು. ನಾನು ಅವರಿಗೆ ಚಹಾ ಮಾಡಿಕೊಟ್ಟೆ. ಹೌದು, ಚಹಾ ಮಾಡಿಕೊಟ್ಟೆ.

ಕೊನೆಯ ಸಲ ಮಾಸ್ಟ್ರ ಕಣ್ಣು ನೋಡಿದ್ದು ನಮ್ಮ ಕ್ಲಿನಿಕ್ಕಿನಲ್ಲಿಯೇ. ಬೋರ್ಡಿನ ದೊಡ್ಡ ಅಕ್ಷರವೂ ಕಾಣದವರಿಗೆ ನಾವು ಬೆರಳು ತೋರಿಸಿ ಎಣಿಸಲು ಹೇಳುತ್ತೇವೆ. ಮುಖದ ಹತ್ತಿರ ಮೂರು ಬೆರಳು ಹಿಡಿದು ಎಷ್ಟು ಎಂದು ಕೇಳಿದೆ. ಅವರು ಮುಖ ಗೋಡೆಯ ಕಡೆ ತಿರುಗಿಸಿ, ನಗುತ್ತಾ, ಡೆ, ಎಫೆ, ಎನೆ, ಪೆ, ತೆ ಎಂದರು. ಹೊರಗಿನ ಬೆಂಚಿನಿಂದ ಅಮ್ಮನೂ ನಕ್ಕರು, ತಮಾಷೆ ಏನೆಂದು ತಿಳಿಯದೆ. ಅವರು ನನ್ನನ್ನು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ನಗು ತಡೆಯಲಾಗಲಿಲ್ಲ, ಒಳಗೆ ಹೋಗಿ ನಲ್ಲಿ ಬಿಟ್ಟು ಅತ್ತೆ. ಕುಂಪ್ಸಾರಕ್ಕೆ ಹೋಗಿ ಫಾದರ್ ಹತ್ತಿರ ಪಾಪ ಒಪ್ಪಿಕೊಂಡೆ. ಅವರು ಹೇಳಿದ ಪ್ರಾರ್ಥನೆಗಳು ಒಂದು ಬಸ್ ಸ್ಟಾಪ್ ದೂರದೊಳಗೆ ಮುಗಿದುಹೋದವು. ಡಾಕ್ಟರರಿಗೆ ಇವತ್ತಿಗೂ ಹೇಳಿಲ್ಲ.

ಅಷ್ಟು ಹೊತ್ತಿಗೆ ಅವರ ದೇಶದ ನಿಯಮ ಸಡಿಲವಾಗಿತ್ತು. ತಂಗಿ ಓಡಾಡಿ ಕಾಗದ ಮಾಡಿಸಿದಳು. ಅಷ್ಟು ವರ್ಷ ಕಾಲಿಡಲು ಬಿಡದ ಊರು ಈಗ ಬಾ ಎಂದಿತು, ಊರನ್ನು ನೋಡಲು ಕಣ್ಣಿಲ್ಲದಾಗ. ವಿಮಾನ ನಿಲ್ದಾಣದಲ್ಲಿ ಅಮ್ಮ ಅವರ ಹಣೆಯಲ್ಲಿ ಶಿಲುಬೆಯ ಗುರುತು ಮಾಡಿದರು. ನಾನು ಅವರ ಕೈ ಹಿಡಿದು ಬಾಗಿಲಿನ ತನಕ ಹೋದೆ. ಏನಾದರೂ ಹೇಳಬೇಕಿತ್ತು. "ಊಟ ಸರಿ ಮಾಡಿ" ಎಂದೆ.

ಮೊದಲು ತಿಂಗಳಿಗೊಮ್ಮೆ ಅಮ್ಮನ ಫೋನಿಗೆ ಅವರ ದನಿಯ ಮೆಸೇಜ್ ಬರುತ್ತಿತ್ತು. ಹಿಂದೆ ಕೋಳಿಗಳ ಸದ್ದು, ಮಕ್ಕಳ ಗಲಾಟೆ. ತಂಗಿಯ ಮಕ್ಕಳು ಜಿಮ್ಮಿಗೆ ಕರೆದುಕೊಂಡು ಹೋಗುತ್ತಾರೆ, ಕೂತು ಸದ್ದು ಕೇಳುತ್ತೇನೆ ಎಂದಿದ್ದರು ಒಮ್ಮೆ. ಕಾಲಿನ ಸದ್ದಿನಲ್ಲೇ ಯಾರು ಹೊಡೆಸಿಕೊಳ್ಳುತ್ತಾರೆ ಎಂದು ಗೊತ್ತಾಗುತ್ತದಂತೆ. ಎರಡು ವರ್ಷದಿಂದ ಮೆಸೇಜ್ ಇಲ್ಲ. ನಾವು ಕಳುಹಿಸಿದ್ದಕ್ಕೆ ಒಂದೇ ಟಿಕ್ ಗೆರೆ ಬೀಳುತ್ತದೆ, ಎರಡನೆಯದು ಬೀಳುವುದಿಲ್ಲ. ನಂಬರ್ ಬದಲಾಗಿರಬಹುದು ಎಂದು ಅಮ್ಮ ಹೇಳುತ್ತಾರೆ. ನಾನು ಹೂಂ ಎನ್ನುತ್ತೇನೆ. ಆ ಮನುಷ್ಯ ಇನ್ನಿಲ್ಲ ಎಂದು ನನ್ನ ಮನಸ್ಸು ಯಾವತ್ತೋ ಒಪ್ಪಿಕೊಂಡಿದೆ.

ಬೋರ್ಡನ್ನು ಬಿಸಾಡಲು ಬಿಡಲಿಲ್ಲ. ಬಣ್ಣ ಒಣಗಿದ ಮೇಲೆ ಮತ್ತೆ ಅದೇ ಕಪಾಟಿನ ಹಿಂದೆ ನಿಲ್ಲಿಸಿದೆ.

ನಿನ್ನೆ ಒಬ್ಬ ಬಸ್ ಡ್ರೈವರ್ ಸರ್ಟಿಫಿಕೇಟಿಗೆ ಬಂದಿದ್ದರು. ಐವತ್ತರ ಹತ್ತಿರದ ವಯಸ್ಸು. ಕೂರಿಸಿ, ಕಣ್ಣು ಮುಚ್ಚಿಸಿ, ಬಲದಿಂದ ಎಡಕ್ಕೆ ಓದಿ ಎಂದೆ. ಮಾಸ್ಟ್ರು ಹೋದಲ್ಲಿಂದ ನಾನು ಎಲ್ಲರಿಗೂ ಹಾಗೆಯೇ ಓದಿಸುವುದು.

"ಅದೆಂತಕ್ಕೆ ಮೇಡಂ ಉಲ್ಟಾ?"

"ನಮ್ಮಲ್ಲಿ ಹಾಗೆ."

ಮೂರನೆಯ ಅಕ್ಷರಕ್ಕೆ ನಿಂತರು. ಮತ್ತೊಮ್ಮೆ ಮೊದಲಿನಿಂದ ಹೊರಟು ಅಲ್ಲಿಯೇ ನಿಂತರು. "ಒಂದು ಲೈನ್ ಅಡ್ಜಸ್ಟ್ ಮಾಡಿ ಮೇಡಂ. ಇಲ್ಲದಿದ್ರೆ ನನ್ನ ಕೆಲಸ ಹೋಗ್ತದೆ," ಎಂದರು.

ಅವರ ಓದು ನಿಂತಲ್ಲಿಗೇ ನಂಬರ್ ಬರೆದೆ. ಅವರು ಕಾಗದ ಕಿತ್ತುಕೊಂಡು, ನನ್ನ ಮುಖ ನೋಡದೆ, ಬಾಗಿಲು ದಡಕ್ಕೆಂದು ಹಾಕಿ ಹೋದರು. ಮೆಟ್ಟಿಲಿಳಿಯುತ್ತಾ ತುಳುವಿನಲ್ಲಿ ನನಗೆ ಬೈದದ್ದೂ ಕೇಳಿಸಿತು. ಕೋಣೆಯ ಲೈಟ್ ಹಾಕದೆ ಸ್ವಲ್ಪ ಹೊತ್ತು ಕುಳಿತೆ. ಮಾಸ್ಟ್ರೂ ಅವತ್ತು ಹೀಗೆಯೇ ಬಾಗಿಲು ದಡಕ್ಕೆಂದು ಹಾಕಿ ಹೋಗಬೇಕಿತ್ತು. ಹಾಗೆ ಹೋಗಿದ್ದರೆ ಎಲ್ಲಾದರೂ ಒಂದು ಕಡೆ ಇವತ್ತಿಗೂ ನನ್ನ ಮೇಲೆ ಸಿಟ್ಟಿನಲ್ಲಿ ಇರುತ್ತಿದ್ದರು, ಲೋಟಕ್ಕೆ ತಾವೇ ನೀರು ಬಗ್ಗಿಸಿಕೊಳ್ಳುತ್ತಾ.